ಅಡಿಯಿಲ್ಲದ ಹಡಗು

ಅಡಿ ಇರಲಿಲ್ಲ.

ಶಿವಸ್ವಾಮಿ ಮೂರನೇ ಸಲ, ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿ ಹಡಗಿನ ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿದ. ಎರಡು ಪಕ್ಕೆಗಳಿದ್ದವು, ಡೆಕ್ ಇತ್ತು, ಚಿಮಣಿ ಇತ್ತು, ಗುಂಡುಸೂಜಿಯಷ್ಟು ತೆಳ್ಳಗಿನ ಫಿರಂಗಿ ನಳಿಗೆಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಸಾಲಾಗಿ ನಿಂತಿದ್ದವು. ಹಡಗಿನ ಹೊಟ್ಟೆ ಇರಬೇಕಾದ ಕಡೆ ಮಾತ್ರ ಒಂದು ಚಪ್ಪಟೆ ಕೆಂಪು ಹಲಗೆ.

ಸೂಚನೆಯ ಕಾಗದ ಬಿಡಿಸಿದ. ಮೊದಲನೇ ಚಿತ್ರದಲ್ಲೇ ಸ್ಪಷ್ಟವಾಗಿತ್ತು. ಹಡಗನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಿ ಕೊಟ್ಟಿದ್ದರು. ಮೇಜನ್ನೇ ಸಮುದ್ರ ಅಂದುಕೊಳ್ಳಬೇಕು. ನೀರಿನ ಮೇಲೆ ಕಾಣುವುದಷ್ಟೇ ಸಿಗುತ್ತದೆ.

ಇಪ್ಪತ್ತು ದಿನ ಕೂತು ಆರಿಸಿದ್ದ. ನಾಲ್ಕು ದೇಶಗಳ ಯುದ್ಧನೌಕೆಗಳನ್ನು ಮೊಬೈಲಿನಲ್ಲಿ ಹೋಲಿಸಿ ನೋಡಿದ್ದ. ನಿಜವಾದ ಹಡಗಿನ ಮುನ್ನೂರೈವತ್ತರಲ್ಲಿ ಒಂದರ ಅಳತೆಯದು ಮೇಜಿಗೆ ಹಿಡಿಸುವುದಿಲ್ಲವೆಂದು ಏಳುನೂರರಲ್ಲಿ ಒಂದರದ್ದು ತರಿಸಿದ್ದ. ಎಲ್ಲ ಫೋಟೋಗಳನ್ನೂ ಮೇಲಿನಿಂದಲೇ ತೆಗೆದಿದ್ದರು. ನಂಜನಗೂಡಿನ ಪದವಿಪೂರ್ವ ಕಾಲೇಜಿನಲ್ಲಿ ಏಳು ವರ್ಷದಿಂದ ಭೌತಶಾಸ್ತ್ರ ಹೇಳುವವನು, ವಸ್ತು ಯಾಕೆ ತೇಲುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವವನು, ಕೆಳಗೇನಿದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಅದೇ ಇಪ್ಪತ್ತು ದಿನಗಳಲ್ಲಿ ಮಗಳಿಗೊಂದು ಹೆಸರು ಆರಿಸಬೇಕಿತ್ತು. ಮಾವ ಎರಡು ಸಲ ಕೇಳಿದ್ದರು. ನೋಡ್ತಾ ಇದೀನಿ ಅಂದಿದ್ದ. ನೋಡುತ್ತಿದ್ದದ್ದು ನಿಜ.

ಫೋನು ಬಡಿದುಕೊಂಡಿತು. ಹೆಮ್ಮಿಗೆಯಿಂದ ಮಾವ ಮಹದೇವಯ್ಯ.

"ಒಂಟ್ರಾ ಅಳಿಮಯ್ಯ?"

"ಹೊರಟೆ ಮಾವ. ಬಸ್ ಸ್ಟ್ಯಾಂಡಲ್ಲಿದೀನಿ."

"ಏನೂ ಸದ್ದೇ ಇಲ್ವಲ್ಲ."

"ಭಾನುವಾರ ಅಲ್ವಾ."

ಅವನು ಬನಿಯನ್ನಿನಲ್ಲಿ ಕೂತಿದ್ದ. ಗಂಟೆ ಹನ್ನೊಂದಾಗಿತ್ತು.

ಬಾಣಂತಿಯನ್ನು ತವರಿನಿಂದ ಬೆಸ ತಿಂಗಳಲ್ಲಿ ಕಳಿಸಬೇಕು, ಗಂಡನೇ ಬಂದು ಕರೆದುಕೊಂಡು ಹೋಗಬೇಕು. ಮೂರನೇ ತಿಂಗಳಲ್ಲಿ ಅವನು ಮೌಲ್ಯಮಾಪನದ ಡ್ಯೂಟಿ ಇದೆ ಅಂದಿದ್ದ. ಐದನೆಯದು ಇವತ್ತಿಗೆ ಮುಗಿಯುತ್ತಿತ್ತು. ಇದು ತಪ್ಪಿದರೆ ಏಳು. ಇವತ್ತು ಕೂಡ ಇಡೀ ದಿನ ಇರಲಿಲ್ಲ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಆರು ದಾಟಿದರೆ ಎಳೆಮಗುವನ್ನು ಹೊಸಲು ದಾಟಿಸುವುದಿಲ್ಲ. ನಾಲ್ಕೂವರೆ ಒಳಗೆ ಹೊರಟುಬಿಡಬೇಕು ಎಂದು ಅತ್ತೆ ಗೋವಿಂದಮ್ಮ ನಿನ್ನೆಯೇ ಹೇಳಿದ್ದರು.

ಹಾಗೆ ಹೇಳಿದಾಗಿನಿಂದ ನಾಲ್ಕೂವರೆ ಎಂಬುದು ಅವನ ತಲೆಯೊಳಗೆ ಕೂತಿತ್ತು. ಅದನ್ನು ದಾಟಿ ಹೋದರೆ ಎಲ್ಲ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಅಡಿ ಇಲ್ಲದಿದ್ದರೂ ಅವನು ಹಡಗು ಕಟ್ಟತೊಡಗಿದ.

ಉಗುರು ಕತ್ತರಿಯಿಂದ ಒಂದೊಂದೇ ಭಾಗ ಬಿಡಿಸಿ, ಅಂಚು ಉಜ್ಜಿ, ಕಡ್ಡಿಯ ತುದಿಯಲ್ಲಿ ಗೋಂದು ಮುಟ್ಟಿಸಿ ಕೂರಿಸಿದ. ಎ ಹನ್ನೆರಡನೇ ಭಾಗ ಎ ಹದಿಮೂರಕ್ಕೆ ಸೇರುತ್ತದೆ. ಎ ಹನ್ನೆರಡಕ್ಕೆ ಇಷ್ಟವಿದೆಯೇ ಎಂದು ಯಾರೂ ಕೇಳುವುದಿಲ್ಲ. ಅದು ಅವನಿಗೆ ಹಿಡಿಸಿತು. ಈ ಅಳತೆಯಲ್ಲಿ ಒಬ್ಬ ಮನುಷ್ಯ ಎಷ್ಟೆತ್ತರ ಎಂದು ಲೆಕ್ಕ ಹಾಕಿದ. ಎರಡೂವರೆ ಮಿಲಿಮೀಟರ್. ಕಿಟ್‌ನಲ್ಲಿ ಮನುಷ್ಯರು ಇರಲಿಲ್ಲ.

ಅವನು ಹುಡುಗನಾಗಿದ್ದಾಗ ಇದ್ದ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ರಟ್ಟು ಕಿತ್ತುಹೋದ ಒಂದು ವಿಶ್ವಕೋಶವಿತ್ತು. ಅದರ ಒಂದು ಪುಟದಲ್ಲಿ ಯುದ್ಧನೌಕೆಯನ್ನು ಉದ್ದಕ್ಕೆ ಸೀಳಿ ತೋರಿಸಿದ್ದರು. ಮೇಲೆ ಫಿರಂಗಿ, ಬಾವುಟ. ನೀರಿನ ಕೆಳಗೆ ಎಂಜಿನ್ನು, ಕಲ್ಲಿದ್ದಲು, ಅಡಿಗೆಮನೆ, ಹಾಸ್ಟೆಲ್ಲಿನ ಮಂಚಗಳ ಹಾಗೇ ಒಂದರ ಮೇಲೊಂದು ಮಂಚ. ನೂರಾರು ಜನ ಅಲ್ಲಿದ್ದರೂ ಹೊರಗಿನವರಿಗೆ ಒಬ್ಬನೂ ಕಾಣುತ್ತಿರಲಿಲ್ಲ. ಎಂಟನೇ ಕ್ಲಾಸಿನ ಶಿವಸ್ವಾಮಿಗೆ ಬೇಕೆನಿಸಿದ್ದು ಆ ಕೆಳಗಿನ ಭಾಗ. ಇಪ್ಪತ್ತು ವರ್ಷದ ಮೇಲೆ ತರಿಸಿಕೊಂಡದ್ದು ಮೇಲಿನದು.

ಮನೆ ಒಡತಿ ಚಲುವಮ್ಮ ಬಾಗಿಲಲ್ಲಿ ಇಣುಕಿದರು. ಕೈಯಲ್ಲಿ ಬೇವಿನ ಸೊಪ್ಪು. ಬಾಣಂತಿ ಬರುವ ಮನೆ ಎಂದು ಬಾಗಿಲಿಗೆ ಸಿಕ್ಕಿಸಲು ತಂದಿದ್ದರು.

"ಇದೇನ್ ಮೇಷ್ಟ್ರೇ, ಮಗೀಗಾ?"

"ಹ್ಞೂಂ."

"ಎಣ್ಮಗೀಗೆ ಅಡಗಾ? ಓಗ್ಲಿ, ನೀರ್ಗೆ ಬುಟ್ರೆ ತೇಲ್ತದಾ?"

"ಇಲ್ಲ. ಇಡೋದಕ್ಕೆ ಅಷ್ಟೆ."

"ತೇಲ್ದೇ ಓದ್ರೆ ಇನ್ಯಾತರ ಅಡಗು." ಸೊಪ್ಪು ಸಿಕ್ಕಿಸಿ, ಇನ್ನೂ ಹೊರಡದೆ ಕೂತಿದ್ದಕ್ಕೆ ಬೈದು, ಮಗುವಿಗೆ ತೋರಿಸಲು ಅದನ್ನೂ ಜೊತೆಗೆ ಒಯ್ಯುವಂತೆ ಹೇಳಿ ಹೋದರು.

ಮಗುವನ್ನು ಮೊದಲ ಸಲ ಕೈಗಿಟ್ಟಾಗ ಅವನು ಸುತ್ತಲಿನವರ ಮುಖ ನೋಡಿದ್ದ, ತಾನು ಯಾವ ಮುಖ ಮಾಡಬೇಕೆಂದು ತಿಳಿಯಲು. ಎಲ್ಲರೂ ನಗುತ್ತಿದ್ದರು. ಅವನೂ ನಕ್ಕ. ಹೆಂಡತಿ ರೋಜಾ ಮಾತ್ರ ನಗದೆ ಮಂಚದ ಮೇಲಿಂದ ಅವನನ್ನೇ ನೋಡುತ್ತಿದ್ದಳು.

ಒಂದು ಗಂಟೆಯ ಬಸ್ಸು ಬಿಟ್ಟ. ಹಡಗಿನ ಮುಂದಿನ ಫಿರಂಗಿ ಗೋಪುರದ ಎರಡು ನಳಿಗೆಗಳು ಕೂತಿದ್ದವು, ಮೂರನೆಯದು ವಾಲುತ್ತಿತ್ತು. ಅದನ್ನು ಹಿಡಿದುಕೊಂಡೇ ಹದಿನೈದು ನಿಮಿಷ ಕೂತ. ಎರಡೂವರೆಯ ಬಸ್ಸು ಹತ್ತಿದ. ಹಡಗಿನ ಡಬ್ಬಿ ತೊಡೆಯ ಮೇಲಿತ್ತು. ಟಿ. ನರಸೀಪುರದಲ್ಲಿ ಇಳಿದು ಕಾಫಿ ಕುಡಿದ. ಬೇಡವೆನಿಸಿದರೂ ಇನ್ನೊಂದು ಕುಡಿದ. ಗಡಿಯಾರ ನೋಡಿ ಹೆಮ್ಮಿಗೆಯ ಕಡೆ ಹೋಗುವ ಬಸ್ಸು ಹತ್ತಿದ.

ಮಾವನ ಮನೆ ಮುಂದೆ, ಬಸ್ಸಿನವರೆಗೆ ಬಿಡಲು ಹೇಳಿದ್ದ ಆಟೋ ನಿಂತಿತ್ತು. ಮಧ್ಯಾಹ್ನದಿಂದ ನಿಂತಿತ್ತು ಎಂಬುದು ಡ್ರೈವರನ ಮುಖದಲ್ಲೇ ಗೊತ್ತಾಗುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಗಡಿಯಾರ. ನಾಲ್ಕು ನಲವತ್ತು.

ಮಗು ಉಚ್ಚೆ ಹೊಯ್ದಿತ್ತೆಂದು ಗೋವಿಂದಮ್ಮ ಆಗತಾನೆ ನೆಲ ಒರೆಸಿದ್ದರು. ಕೆಂಪು ಗಾರೆಯ ನೆಲ ಹೊಳೆಯುತ್ತಿತ್ತು. ರೋಜಾ ಸೀರೆಯುಟ್ಟು, ಎರಡು ಬ್ಯಾಗು, ಒಂದು ಬಕೆಟ್ಟಿನ ನಡುವೆ ಚಾಪೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕುಲಾವಿ ಕಟ್ಟಿದ ಮಗು. ಅವನು ಏನು ಮಾಡಬೇಕೆಂದು ತಿಳಿಯದೆ ಹಡಗನ್ನು ಹೊರತೆಗೆದು ಚಾಪೆಯ ಪಕ್ಕ ಇಟ್ಟ.

"ನಾಕೂ ನಲವತ್ತಾಯ್ತು ಕಣಪ್ಪ," ಗೋವಿಂದಮ್ಮ ಅಂದರು. "ಈಗೆಂಗೆ ಕಳ್ಸದು?"

ಅವನ ಭುಜಗಳು ಸಡಿಲವಾದವು. ಬಸ್ಸು ಸಿಗಲಿಲ್ಲ ಎಂದು ಏನೋ ಹೇಳಿದ.

ಮಹದೇವಯ್ಯ ನಕ್ಕರು. ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು, ಮಗಳ ಮದುವೆಯನ್ನು ಪಂಚಾಂಗ ಮುಟ್ಟದೆ ಬುದ್ಧನ ಪಟದ ಮುಂದೆ ಹಾರ ಹಾಕಿಸಿ ಮುಗಿಸಿದವರು. "ಕಾಲ್ದಲ್ಲಿ ಒಳ್ಳೇದು ಕೆಟ್ಟದ್ದು ಇಲ್ಲ, ಗಂಟೆ ನಿಮಿಷ ಅಷ್ಟೇ ಇರದು. ತಗಡೂರಿನ ಬಾಬಾಸಾಹೇಬ್ರ ಜಯಂತಿಲಿ ಮೈಕ್ ಇಡ್ಕಂಡು ಇಂಗಂದೋರು ಯಾರು? ಅವತ್ತೇ ಅಂದ್ಕಂಡೆ, ಮಗಳ ಕೊಟ್ರೆ ಇವ್ರಿಗೇ ಕೊಡದು ಅಂತ. ಯೋಳಿ ಅಳಿಮಯ್ಯ, ನಿಮ್ಮತ್ತೆಗೆ ಒಸಿ ಬುದ್ಧಿ ಯೋಳಿ."

ಮೂವರೂ ಅವನನ್ನು ನೋಡಿದರು.

"ಅತ್ತೆ ಮನಸ್ಸು ಯಾಕೆ ನೋಯಿಸೋದು ಮಾವ," ಶಿವಸ್ವಾಮಿ ಅಂದ. "ಏಳನೇ ತಿಂಗಳು ಇದ್ದೇ ಇದೆಯಲ್ಲ."

ಮಹದೇವಯ್ಯನವರ ನಗು ಮುಖದ ಮೇಲೆ ಹಾಗೇ ಉಳಿಯಿತು, ಕೆಳಗಿಳಿಸುವುದು ಮರೆತ ಹಾಗೆ. ಗೋವಿಂದಮ್ಮನಿಗೂ ಯಾಕೋ ಸಂತೋಷವಾದಂತೆ ಕಾಣಲಿಲ್ಲ.

ರೋಜಾ ಮಗುವಿನ ಕುಲಾವಿಯ ದಾರ ಬಿಗಿ ಮಾಡಿದಳು. "ಬೆಳಿಗ್ಗೆ ಹತ್ ಗಂಟೆಗೆ ಕಟ್ಟಿದೀನಿ ಇದ. ಏಳನೇ ತಿಂಗಳವರ್ಗೂ ಇಂಗೇ ಇರ್ಲಾ ಇವ್ಳು?" ಎದ್ದಳು. "ನಾನು ಬತ್ತೀನಿ, ನಡೀರಿ. ಬಸ್ಸಲ್ಲಿ ನಂಗೆ ಫ್ರೀ. ರಾಹು ಬಂದ್ರೆ ಅವ್ನಿಗೊಂದು ಟಿಕೆಟ್ ತಗಳಿ."

ಹೊರಗೆ ಡ್ರೈವರ್ ನಕ್ಕದ್ದು ಕೇಳಿಸಿತು. ಮಹದೇವಯ್ಯ ಒಂದು ಬ್ಯಾಗು ಎತ್ತಿಕೊಂಡರು. ಗೋವಿಂದಮ್ಮ ಗೊಣಗುತ್ತಲೇ ಬಕೆಟ್ಟಿಗೆ ಕೈ ಹಾಕಿದರು. ಇನ್ನೊಂದು ಬ್ಯಾಗಿನ ಜಿಪ್ ಎಳೆಯಲು ರೋಜಾ ಮಗುವನ್ನು ಚಾಪೆಯ ಮೇಲೆ ಬೋರಲು ಮಲಗಿಸಿದಳು. ಶಿವಸ್ವಾಮಿ ನಿಂತೇ ಇದ್ದ. ಮುಗಿಯಿತು ಅಂದುಕೊಂಡ.

ಟಕ್ ಎಂದು ಸಣ್ಣ ಸದ್ದಾಯಿತು.

ಮಗು ಹಡಗನ್ನು ಎರಡೂ ಕೈಯಲ್ಲಿ ಹಿಡಿದು ಮುಂಭಾಗವನ್ನು ಬಾಯಿಗಿಟ್ಟುಕೊಂಡಿತ್ತು. ಅವನು ಬಾಗಿ ಬಿಡಿಸಿಕೊಂಡು ನೋಡಿದ.

"ಮೂರಿತ್ತು," ಅಂದ. "ಒಂದಿಲ್ಲ."

ಅವನು ಹೇಳಿದ್ದು ಹಡಗಿನ ನಳಿಗೆಗಳ ವಿಷಯ. ರೋಜಾಳ ಕೈಯಿಂದ ಬ್ಯಾಗು ಬಿತ್ತು. ಮಗುವನ್ನು ಎತ್ತಿ ಮೊಣಕೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು, ತಿರುಗಿಸಿ ಬಾಯಲ್ಲಿ ಬೆರಳಾಡಿಸಿದಳು. ಮಗು ಕಿರುಚಿಕೊಂಡಿತು. ಮಹದೇವಯ್ಯ ಕನ್ನಡಕ ಹಾಕಿಕೊಂಡು ಮಂಡಿಯೂರಿದರು. ಗೋವಿಂದಮ್ಮ ಚಾಪೆ ಕೊಡವಿದರು. ಡ್ರೈವರ್ ಹೊಸಲಿನವರೆಗೆ ಬಂದು ನಿಂತ.

ಶಿವಸ್ವಾಮಿಯೂ ಹಡಗನ್ನು ನೆಲಕ್ಕಿಟ್ಟು ಹುಡುಕಿದ. ಗೋಡೆಯ ಮೂಲೆ, ಬಕೆಟ್ಟಿನ ಹಿಂದೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಮನೆಯೊಳಗೆ ಎಲ್ಲರೂ ಹುಡುಕುತ್ತಿದ್ದದ್ದು ಮಗುವಿಗಾಗಿ, ಅವನು ಹುಡುಕುತ್ತಿದ್ದದ್ದು ಗೋಪುರಕ್ಕೆ ಮತ್ತೆ ಅಂಟಿಸಲು. ಗೊತ್ತಾಗಿ ಏನೂ ಆಗಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟ.

ಬಲಗಾಲಿನ ಅಡಿಯಲ್ಲಿ ಸಣ್ಣಗೆ ಚುಚ್ಚಿತು.

ಅವನು ಅಲ್ಲೇ ನಿಂತ.

"ನುಂಗ್ಬುಟ್ಟದೆ ಅನ್ಸುತ್ತೆ," ಮಹದೇವಯ್ಯ ಕನ್ನಡಕ ತೆಗೆದು ಎದ್ದರು. "ನರಸೀಪುರದ ಆಸ್ಪತ್ರೆಗೆ ನಡೀರಿ. ಎಕ್ಸ್‌ರೇ ತಗ್ಸದು. ಅದು ಈಚ್ಗೆ ಬರೋಗಂಟ ಮಗು ಎಲ್ಗೂ ಓಗಂಗಿಲ್ಲ, ನನ್ ಕಣ್ಮುಂದೆ ಇರ್ಲಿ."

ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ಶಿವಸ್ವಾಮಿಗೆ ಗೊತ್ತಿತ್ತು. ಇದೆ ಎಂದೂ ಇಲ್ಲ ಎಂದೂ ಯಾರೂ ಹೇಳಲಾರರು. ಒಂದು ದಿನ ಕಾಯಿರಿ ಅನ್ನುತ್ತಾರೆ. ನಾಳೆ ಆರನೇ ತಿಂಗಳು.

"ನೀವು ಹೊರಡಿ," ಅಂದ. "ನಾನು ಇಲ್ಲೇ ಇನ್ನೊಂದು ಸಲ ನೋಡ್ತೀನಿ."

ಯಾರೂ ಹೊರಡಲಿಲ್ಲ. ಅಳುವ ಮಗುವನ್ನು ಎದೆಗೊತ್ತಿಕೊಂಡು ರೋಜಾ ನೆಲವನ್ನು ಗೇಣುಗೇಣಾಗಿ ನೋಡುತ್ತ ಬಂದಳು. ಬಾಗಿಲ ಬಳಿ ನೋಡಿದಳು, ಚಾಪೆಯ ಸುತ್ತ ನೋಡಿದಳು. ಅವನ ಮುಂದೆ ಬಂದು ನಿಂತಳು.

"ರೀ," ಅಂದಳು. "ಕಾಲೆತ್ತಿ. ಅಲ್ಲೊಂದು ಕಡೆ ನೋಡದು ಉಳ್ದದೆ."

ಒದ್ದೆ ನೆಲದ ಮೇಲೆ ಹಡಗು ನಿಜವಾದ ನೀರಿನಲ್ಲಿ ನಿಂತಂತೆ ನಿಂತಿತ್ತು. ಅದರ ಪಕ್ಕದಲ್ಲಿ ಅವನ ಎರಡು ಪಾದಗಳು, ನೆಲದ ಮಟ್ಟಕ್ಕೆ ಸರಿಯಾಗಿ ಕತ್ತರಿಸಿ ಇಟ್ಟ ಹಾಗೆ.