ಎಲ್ಲರೂ ಕ್ಷಮಿಸಿದ ಮೇಲೆ

ಒಂದೇ ಕೋಣೆಯಲ್ಲಿ ಎರಡು ಅಂಗಡಿ. ಬಾಗಿಲಿನ ಎಡಕ್ಕೆ ಅಕ್ಕನ ಹೊಲಿಗೆ ಯಂತ್ರ; ಬಲಕ್ಕೆ, ಕಿಟಕಿಯ ಬೆಳಕು ಬೀಳುವ ಕಡೆ, ತಮ್ಮನ ಗಡಿಯಾರ ರಿಪೇರಿಯ ಮೇಜು. ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ, ಕೆಲಸಕ್ಕೆ ಹಚ್ಚಿ, ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಆಮೇಲೆ ನೋಡೋಣ’ ಎಂದು ದಾಟಿಸಿಕೊಂಡು ಬಂದವಳು.

ಎದುರಿಗೆ ಗ್ಯಾರೇಜು. ಅದರ ಮೆಕ್ಯಾನಿಕ್‌ಗೆ ಎಲ್ಲರೂ ಇಟ್ಟ ಹೆಸರು ಸ್ಪ್ಯಾನರ್. ಅವನ ಕೈಗಡಿಯಾರ ನಿಂತರೆ ತಮ್ಮ ಸರಿಮಾಡಿಕೊಡುತ್ತಿದ್ದ. ತಮ್ಮನ ಬೈಕು ಕೆಮ್ಮಿದರೆ ಸ್ಪ್ಯಾನರ್ ನೋಡುತ್ತಿದ್ದ. “ಇದಕ್ಕೆ ಮೆಕ್ಯಾನಿಕ್ ಸಾಲದು ಕಣೋ, ನಿಮ್ಮ ಪಾದ್ರಿನೇ ಬಂದು ಪ್ರಾರ್ಥನೆ ಮಾಡಬೇಕು” ಎಂದು ನಗಿಸುತ್ತಿದ್ದ.

ಬೀದಿಯ ಕೊನೆಯ ಪ್ರಾರ್ಥನಾಲಯದಲ್ಲಿ ಜನರನ್ನು ಮರುಳುಮಾಡುತ್ತಾರೆ ಎಂಬ ಗುಲ್ಲು ಎಲ್ಲಿಂದ ಹುಟ್ಟಿತೋ. ಒಂದು ಭಾನುವಾರ ಬೆಳಿಗ್ಗೆ ಗುಂಪು ನುಗ್ಗಿತು. ಅಂಗಳದಲ್ಲಿದ್ದ ಬೆಂಚುಗಳು ಮುರಿದವು, ಚಾವಣಿಗೆ ಬೆಂಕಿ ಬಿತ್ತು. ಒಳಗಿದ್ದ ಮುದುಕಿಯರು ಹಿತ್ತಿಲ ಬಾಗಿಲಿನಿಂದ ಹೊರಬೀಳುವ ತನಕ ಮುಂಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಅಡ್ಡ ನಿಂತ. ಅವನ ಬಲಗೈ ಮೇಲೆ ಕಬ್ಬಿಣದ ರಾಡು ಬಿತ್ತು. ರಾಡು ಹಿಡಿದಿದ್ದವನು ಸ್ಪ್ಯಾನರ್. ಅಕ್ಕ ಅಲ್ಲೇ ಇದ್ದಳು. ಅವನೂ ಅವಳನ್ನು ನೋಡಿದ. ನೋಡಿ, ಮುಖ ತಿರುಗಿಸಿ, ಇನ್ನೊಮ್ಮೆ ಹೊಡೆದ.

ಮೂಳೆ ಕೂಡಿಕೊಂಡಿತು, ಬೆರಳುಗಳನ್ನು ಮಡಿಸಲು ಬರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುತ್ತಿದ್ದ ಕೈಗೆ ಈಗ ಲೋಟ ನಿಲ್ಲುತ್ತಿರಲಿಲ್ಲ. ಅಕ್ಕ ಪೊಲೀಸರಿಗೆ ಕಂಡದ್ದನ್ನು ಹೇಳಿದಳು. ಸ್ಪ್ಯಾನರ್ ಜೈಲು ಸೇರಿದ, ಗ್ಯಾರೇಜಿಗೆ ಬೀಗ ಬಿತ್ತು.

ಕೆಲವು ವಾರ ಕಳೆದ ಮೇಲೆ ಸ್ಪ್ಯಾನರನ ಹೆಂಡತಿ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತಳು. ತುಂಬಿದ ಬಸುರಿ. ಗಂಡನ ಜೊತೆ ಗುಂಪು ಕಟ್ಟಿಕೊಂಡು ಬಂದವರಲ್ಲಿ ಒಬ್ಬನೂ ಅವಳ ಮನೆಯ ಕಡೆ ತಲೆಹಾಕಿರಲಿಲ್ಲ.

“ಅಕ್ಕ, ಏನಾದ್ರೂ ಕೆಲಸ ಇದ್ಯಾ? ಗುಂಡಿ ಹಚ್ಚೋದು, ಅಂಚು ಹೊಲಿಯೋದು…”

ಟೈಲರಕ್ಕನ ಮೈ ಉರಿಯಿತು. ಶತ್ರುವನ್ನು ಪ್ರೀತಿಸಬೇಕೆಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದಳು. ಎದೆಯಲ್ಲಿ ಎಷ್ಟು ತಡಕಿದರೂ ಪ್ರೀತಿ ಸಿಗಲಿಲ್ಲ. ಆದರೆ ಬುಟ್ಟಿಯಲ್ಲಿ ಗುಂಡಿ ಹಚ್ಚಬೇಕಾದ ಅಂಗಿಗಳಿದ್ದವು. ಎತ್ತಿ ಕೊಟ್ಟಳು. ಅವತ್ತಿನಿಂದ ಕೆಲಸದ ಜೊತೆ ಒಂದು ಡಬ್ಬಿ ಊಟವೂ ಹೋಗತೊಡಗಿತು.

“ನನ್ನ ಕೈ ಮುರಿದವನ ಮನೆಗೆ ನಮ್ಮನೆ ಅನ್ನ!” ಎಂದು ತಮ್ಮ ಕೂಗಾಡಿದ. “ನಿನಗೆ ನಾಚಿಕೆ ಆಗಲ್ವಾ?”

“ಆಗುತ್ತೆ. ಸಿಟ್ಟೂ ಬರುತ್ತೆ. ಅದಕ್ಕೇನು ಮಾಡಲಿ? ಅವಳು ಹಸಿದಿದಾಳೆ ಕಣೋ.”

“ಹಾಗಾದ್ರೆ ಕೋರ್ಟಲ್ಲೂ ಅವನ ಪರವಾಗೇ ಹೇಳು, ಹೋಗು.”

“ಅದು ಬೇರೆ, ಇದು ಬೇರೆ. ಕಂಡದ್ದನ್ನ ಹೇಳೇ ಹೇಳ್ತೀನಿ.”

ವಿಚಾರಣೆ ಹತ್ತಿರ ಬಂದಾಗ ತಾಲ್ಲೂಕಿನ ದೊಡ್ಡ ಅಧಿಕಾರಿ ತನ್ನ ಕಚೇರಿಯಲ್ಲಿ ಶಾಂತಿ ಸಭೆ ಕರೆದ. ಕೇಸು ತಣ್ಣಗಾದರೆ ಪ್ರಾರ್ಥನಾಲಯವನ್ನು ಮತ್ತೆ ಕಟ್ಟಲು ಅನುಮತಿ. ಇಲ್ಲದಿದ್ದರೆ ಆ ಜಾಗದ ತಕರಾರು ಎಷ್ಟು ವರ್ಷ ಎಳೆಯುತ್ತದೋ ಹೇಳಲಾಗದು ಎಂದು ನಗುನಗುತ್ತಲೇ ತಿಳಿಸಿದ. ಪ್ರಾರ್ಥನಾಲಯದ ಹಿರಿಯರು ತಲೆಯಾಡಿಸಿ ಬಂದರು. ಮರುದಿನ ಪಾದ್ರಿಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

“ನೋಡಮ್ಮ, ನಾವು ಸೇಡಿನ ಜನ ಅಲ್ಲ. ವೈರಿಯನ್ನ ಕ್ಷಮಿಸಬೇಕು. ‘ಗಲಾಟೆಯಲ್ಲಿ ಸರಿಯಾಗಿ ಕಾಣಲಿಲ್ಲ’ ಅಂದುಬಿಡು, ಮುಗೀತು.”

“ಕಂಡಿದೆಯಲ್ಲ, ಅಯ್ಯನವರೇ.”

“ಆಳೋರಿಗೆ ವಿಧೇಯರಾಗಿ ಇರಬೇಕು ಅಂತ ನಿನಗೂ ಗೊತ್ತು. ಅಧಿಕಾರಿಗಳೇ ಶಾಂತಿ ಕೇಳ್ತಿದಾರೆ.”

“ಕೋರ್ಟಲ್ಲಿ ನಿಜ ಹೇಳ್ತೀನಿ ಅಂತ ಪ್ರಮಾಣ ಮಾಡಿಸೋರೂ ಆಳೋರೇ ಅಲ್ವಾ? ಯಾರ ಮಾತು ಕೇಳಲಿ? ದೇವರು ವೈರಿಗೆ ಅನ್ನ ಹಾಕು ಅಂದ, ಹಾಕ್ತಿದೀನಿ. ಸುಳ್ಳು ಹೇಳು ಅಂದದ್ದು ಎಲ್ಲಿ?”

ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಹೆದರಿದ್ದರು. “ನಿನ್ನೊಬ್ಬಳ ಹಟಕ್ಕೆ ಇಷ್ಟು ಕುಟುಂಬಗಳು ಬಯಲಲ್ಲಿ ಕೂತು ಪ್ರಾರ್ಥನೆ ಮಾಡಬೇಕಾ?” ಎಂದು ಎದ್ದುಹೋದರು. ತಮ್ಮ ಅವರನ್ನು ಬೀದಿಯ ತಿರುವಿನವರೆಗೂ ಬಿಟ್ಟುಬಂದ. ಬಂದವನು ಎಡಗೈಯಲ್ಲಿ ತನ್ನ ಮೇಜಿನ ಧೂಳು ಒರೆಸಿದ.

ಕೋರ್ಟಿನಲ್ಲಿ ಅಕ್ಕನನ್ನು ಮೊದಲು ಕರೆದರು. ಯಾರು ಹೊಡೆದದ್ದು, ಯಾವುದರಿಂದ, ಎಷ್ಟು ಸಲ, ಎಲ್ಲವನ್ನೂ ಹೇಳಿದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸ್ಪ್ಯಾನರನ ಹೆಂಡತಿ, ನಂಬಲಾಗದವಳಂತೆ ಅವಳನ್ನೇ ನೋಡುತ್ತಿದ್ದಳು. ಡಬ್ಬಿಯ ಊಟವನ್ನು ಆಕೆ ಬೇರೆಯೇ ಅರ್ಥದಲ್ಲಿ ಉಂಡಿದ್ದಳು.

ಆಮೇಲೆ ಪ್ರಾರ್ಥನಾಲಯದ ಹಿರಿಯರು ಒಬ್ಬರ ಹಿಂದೊಬ್ಬರು ಬಂದು ಹೊಗೆಯಲ್ಲಿ ಏನೂ ಕಾಣಲಿಲ್ಲ ಎಂದರು. ಕೊನೆಗೆ ತಮ್ಮ ಬಂದ. ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

“ನನ್ನ ಕೈ ಮೇಲೆ ಚಾವಣಿ ತೊಲೆ ಬಿತ್ತು, ಸ್ವಾಮಿ” ಎಂದ. “ಯಾರೂ ಹೊಡೆದಿಲ್ಲ.”

ಅಕ್ಕ ಹೇಳಿದ್ದು ಹಾಗಾದರೆ ಸುಳ್ಳೇ ಎಂದು ವಕೀಲ ಕೇಳಿದ. ತಮ್ಮ ನೆಲ ನೋಡಿದ. “ಅವಳಿಗೆ ಆವತ್ತು ಗಾಬರಿಯಾಗಿತ್ತು. ಏನೋ ಕಂಡಂಗಾಗಿರಬೇಕು.”

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. “ನನಗಾದ್ರೂ ಮೊದಲೇ ಹೇಳಬಾರದಿತ್ತೇನೋ?”

“ಹೇಳಿದ್ರೆ ಬಿಡ್ತಿದ್ದೆಯಾ?” ಅವನು ಬಲಗೈಯನ್ನು ಜೇಬಿನಿಂದ ಹೊರತೆಗೆದ. “ಅಧಿಕಾರಿಗಳು ಆಫೀಸಲ್ಲಿ ಜವಾನನ ಕೆಲಸ ಕೊಡ್ತೀನಿ ಅಂದಿದಾರೆ. ಒಂದೇ ಕೈಲಿ ಫೈಲು ಎತ್ತಬಹುದು ಅಕ್ಕ. ಗಡಿಯಾರ ಬಿಚ್ಚೋಕಾಗಲ್ಲ. ಸಾಯೋ ತನಕ ನಿನ್ನ ಕೈ ನೋಡ್ಕೊಂಡು ಕೂರಲಾ?”

ಅವಳು ತಟ್ಟೆಗೆ ಅನ್ನ ಬಡಿಸಿ ಅವನ ಮುಂದಿಟ್ಟಳು.

ಸ್ಪ್ಯಾನರ್ ಬಿಡುಗಡೆಯಾದ. ಅವನ ಹೆಂಡತಿ ಅರ್ಧ ಗುಂಡಿ ಹಚ್ಚಿದ ಅಂಗಿಗಳನ್ನು ತಂದು ಮೆಟ್ಟಿಲ ಮೇಲೆ ಎಸೆದು ಹೋದಳು. ಪ್ರಾರ್ಥನಾಲಯದ ಹೆಂಗಸರು ಬೇರೆ ಟೈಲರನ್ನು ಹುಡುಕಿಕೊಂಡರು. ಎದುರು ಸಿಕ್ಕರೆ ‘ದೇವರು ಒಳ್ಳೇದು ಮಾಡಲಿ’ ಎಂದು ಬೇಗ ಬೇಗ ನಡೆದುಬಿಡುತ್ತಿದ್ದರು. ತಮ್ಮ ಖಾಕಿ ಹಾಕಿಕೊಂಡು ಕಚೇರಿಗೆ ಹೋಗತೊಡಗಿದ. ಪ್ರಾರ್ಥನಾಲಯಕ್ಕೆ ಹೊಸ ತಗಡಿನ ಚಾವಣಿ ಬಂತು.

ಒಂದು ಮಧ್ಯಾಹ್ನ ಸ್ಪ್ಯಾನರ್ ಬೀದಿ ದಾಟಿ ಅಂಗಡಿಗೇ ಬಂದ. ಕೈಯಲ್ಲಿ ಬಿಳಿ ಬಟ್ಟೆಯ ಪೊಟ್ಟಣ.

“ಭಾನುವಾರ ಚಾವಣಿ ಉದ್ಘಾಟನೆಗೆ ನನ್ನೂ ವೇದಿಕೆ ಮೇಲೆ ಕೂರಿಸ್ತಾರಂತೆ ಅಕ್ಕ. ಅಧಿಕಾರಿಗಳೂ ಬರ್ತಾರೆ, ಫೋಟೋ ತೆಗೀತಾರೆ. ಒಂದು ಅಂಗಿ ಆಗಬೇಕಿತ್ತು.” ಅವಳು ಬಟ್ಟೆಗೆ ಕೈ ಚಾಚದ್ದು ನೋಡಿ ದನಿ ತಗ್ಗಿಸಿದ. “ಎಲ್ಲರೂ ನನ್ನ ಕ್ಷಮಿಸಿದಾರೆ. ನೀನೊಬ್ಬಳೇ ಮನಸ್ಸಲ್ಲಿ ಇಟ್ಕೊಂಡಿರೋದು.”

“ಹೊಡೆದದ್ದು ಹೌದು ಅನ್ನು” ಎಂದಳು ಟೈಲರಕ್ಕ. “ಬೇರೆ ಯಾರಿಗೂ ಹೇಳಬೇಡ, ನನಗೊಬ್ಬಳಿಗೆ ಹೇಳು. ಈಗಲೇ ಕ್ಷಮಿಸ್ತೀನಿ.”

ಅವನ ಮುಖದಲ್ಲಿ ಏನೋ ಅಲುಗಿತು. ತಮ್ಮನ ಖಾಲಿ ಮೇಜಿನ ಕಡೆ ಒಮ್ಮೆ ನೋಡಿದ. ಮರುಗಳಿಗೆಯೇ ಹೆಗಲು ಕೊಡವಿಕೊಂಡ.

“ನಾನು ಹೊಡೆದಿಲ್ಲ ಅಂತ ಕೋರ್ಟೇ ಹೇಳಿದೆಯಲ್ಲ ಅಕ್ಕ. ನಿನ್ನ ತಮ್ಮನೇ ಹೇಳಿದಾನೆ.”

ಅವಳು ಟೇಪು ತೆಗೆದುಕೊಂಡು ಎದ್ದಳು. ಹೆಗಲಿನಿಂದ ಮಣಿಕಟ್ಟಿನ ತನಕ ಅವನ ತೋಳಿನ ಅಳತೆ ತೆಗೆದಳು. “ಶನಿವಾರ ಬಾ” ಎಂದಳು.

ಅಂಗಿ ಚೆನ್ನಾಗಿಯೇ ಬಂತು. ಒಂದು ಹೊಲಿಗೆಯನ್ನೂ ಸಡಿಲ ಬಿಟ್ಟಿರಲಿಲ್ಲ. ಭಾನುವಾರ ಅವಳು ಪ್ರಾರ್ಥನೆಗೆ ಹೋಗಲಿಲ್ಲ. ಆಮೇಲಿನ ಯಾವ ಭಾನುವಾರವೂ ಹೋಗಲಿಲ್ಲ.