ಅಂಜಲ್ ಮೀನಿನ ಪೆಟ್ಟಿಗೆಯಲ್ಲಿ ಕಾಡತೂಸು

ದೊಡ್ಡ ಕಾಡತೂಸು ಕಂಡರೆ ಗಂಡಸರ ಬುದ್ಧಿ ಮಂಕಾಗುತ್ತದೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಸ್ವಲ್ಪ ಸಿಟ್ಟಿದೆ, ಅದು ಬೇರೆ ವಿಷಯ.

ಬಹ್ರೇನಿನ ಮರಳುಗಾಡಿನಲ್ಲಿ ನಮ್ಮದೊಂದು ಸಣ್ಣ ಶೂಟಿಂಗ್ ಕ್ಲಬ್ ಇತ್ತು. ಸಾವಿರ ಮೀಟರ್ ದೂರದ ಗುರಿಗೆ ರೈಫಲ್ ಹೊಡೆಯುವವರು ಅಲ್ಲಿ ಏಳೆಂಟು ಜನ, ಅದರಲ್ಲಿ ಹೆಂಗಸು ನಾನೊಬ್ಬಳೇ. ಹೆಸರು ಎವ್ಲಿನ್, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮಂಗಳೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಮೊದಲು ಬಂದೂಕು ಹಿಡಿದವಳು. ಮದುವೆಯಾಯಿತು, ಗಲ್ಫಿಗೆ ಬಂದದ್ದಾಯಿತು, ಎರಡು ಹೆರಿಗೆಯೂ ಆಯಿತು, ಆ ಹುಚ್ಚು ಮಾತ್ರ ಬಿಡಲಿಲ್ಲ.

ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ ಖಾಲಿದ್ ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿದರು. ಖಾಲಿದ್ ಎಂದರೆ ನಮ್ಮ ರೇಂಜಿನ ಮೇಲ್ವಿಚಾರಕರು, ಸೈನ್ಯದಿಂದ ನಿವೃತ್ತರಾದ ಬಹ್ರೇನಿ. ಅವರ ಬಾಯಲ್ಲಿ ಮಾತು ಕಡಿಮೆ. ದೂರದ ಗುರಿಗೆ ಇನ್ನು ಮುಂದೆ ಒಂದೇ ಬಗೆಯ ಕಾಡತೂಸು ತರಿಸುವುದೆಂದು ಕ್ಲಬ್ ತೀರ್ಮಾನಿಸಿದೆ, ಈಗಿರುವ ಮೂರರಲ್ಲಿ ಯಾವುದು ಉಳಿಯಬೇಕೋ ನೀವೇ ಹೇಳಿ ಎಂದು ಮೂರನ್ನೂ ಮೇಜಿನ ಮೇಲೆ ನಿಲ್ಲಿಸಿದರು. ಗುಂಡಿನ ದಪ್ಪದ ಅಳತೆಯೇ ಅವುಗಳ ಹೆಸರು. ತ್ರೀ ಹಂಡ್ರೆಡ್ ನನ್ನ ನಡುಬೆರಳಿಗಿಂತ ತುಸು ಉದ್ದ. ತ್ರೀ ಥರ್ಟಿ-ಏಟ್ ಅದರ ದಷ್ಟಪುಷ್ಟ ಅಣ್ಣ. ಫಿಫ್ಟಿಯಂತೂ ಒಂದು ಕದಳಿ ಬಾಳೆಹಣ್ಣಿನಷ್ಟಿತ್ತು.

ಫಿಫ್ಟಿಯ ಪರವಾಗಿ ಯಾರೂ ಬಾಯಿ ಬಿಡಲಿಲ್ಲ. ಅದರ ಸದ್ದಿಗೇ ಹಲ್ಲು ಅಲುಗುತ್ತದೆ. ಅದೂ ಅಲ್ಲದೆ ನಮ್ಮಲ್ಲಿದ್ದ ಫಿಫ್ಟಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ, ಐದು ಗುಂಡು ಹೊಡೆದರೆ ಐದೂ ಐದು ಊರಿಗೆ ಹೋಗುತ್ತಿದ್ದವು. ಉಳಿದದ್ದು ಎರಡು. ತ್ರೀ ಹಂಡ್ರೆಡ್ ಪರ ನಾನಿದ್ದೆ. ತ್ರೀ ಥರ್ಟಿ-ಏಟ್ ಪರವಾಗಿ ದಾವಣಗೆರೆಯ ಇಂಜಿನಿಯರ್ ಲಕ್ಷ್ಮೀಪತಿ ಎದ್ದು ನಿಂತರು.

"ನೋಡ್ರಿ ಸಿಸ್ಟರ್, ಇದರಾಗ ಮಾತಾಡೋದೇ ಬ್ಯಾಡ. ಇದರ ಗುಂಡು ಭಾರ ಐತಿ, ಗಾಳಿಗೆ ಜಗ್ಗಲ್ಲ. ಸಾವಿರದ ಐನೂರು ಮೀಟರಿಗೂ ಜೋರು ಉಳಿಸ್ಕಂತತಿ. ನಿಮ್ದು ಅಲ್ಲಿಗೆ ಹೋಗಾದ್ರಾಗ ಸುಸ್ತಾಗಿರ್ತತಿ."

"ಸಾವಿರದ ಐನೂರು ಮೀಟರ್ ನಮ್ಮಲ್ಲಿ ಎಲ್ಲುಂಟು ಲಕ್ಷ್ಮೀಪತಿಯವರೇ? ಸಾವಿರಕ್ಕೆ ನಮ್ಮ ರೇಂಜೇ ಮುಗೀತದೆ. ಅದರಾಚೆ ಇರುದು ಒಂಟೆ."

ಎಲ್ಲರೂ ನಕ್ಕರು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನ್ನ ಹೊಟ್ಟೆಯುರಿ ಅದಕ್ಕೇ. ಗಾಳಿ ಎದ್ದ ದಿನ ಅವರ ಗುಂಡು ಒಂದು ಗೇಣು ಸರಿದರೆ ನನ್ನದು ಅದಕ್ಕಿಂತ ಹೆಚ್ಚೇ ಸರಿಯುತ್ತಿತ್ತು. ನನ್ನ ತ್ರೀ ಹಂಡ್ರೆಡ್‌ಗೆ ಇದ್ದದ್ದು ಬೇರೆ ಗುಣ. ಅದರ ಒದೆತ ಕಡಿಮೆ, ಹತ್ತು ಗುಂಡು ಹೊಡೆದ ಮೇಲೂ ಹನ್ನೊಂದನೆಯದಕ್ಕೆ ಮೈ ಅಂಜುವುದಿಲ್ಲ. ನನಗೆ ಬೇಕಾದದ್ದು ಆ ಗುಣವೇ. ಎರಡು ವರ್ಷದ ಹಿಂದೆ ಒಬ್ಬ ಭಾರೀ ರೋಗಿಯನ್ನು ಮಂಚ ಬದಲಿಸುವಾಗ ನನ್ನ ಬಲಭುಜ ಕಳಚಿ, ಕೊಯ್ದು ಹೊಲಿಯಬೇಕಾಗಿ ಬಂದಿತ್ತು. ವಾಸಿಯಾದ ಮೇಲೆ ಒಮ್ಮೆ ಹಟಕ್ಕೆ ಬಿದ್ದು ತ್ರೀ ಥರ್ಟಿ-ಏಟ್ ಎರಡೇ ಎರಡು ಹೊಡೆದಿದ್ದೆ. ವಾರವಿಡೀ ತಲೆ ಬಾಚಿಕೊಳ್ಳಲು ಕೈ ಎತ್ತಲಾಗಲಿಲ್ಲ. ಅದೇ ಉಳಿದರೆ ದೂರದ ಗುರಿಗೆ ನನ್ನ ಪಾಲಿಗೆ ಶಾಶ್ವತ ರಜೆ.

ವಾದ ಕೇಳಿ ಕೇಳಿ ಖಾಲಿದ್‌ಗೆ ಸಾಕಾಯಿತು. "ಹೊಡೆದು ತೋರಿಸಿ. ಖಲಾಸ್" ಎಂದರು. ಏಪ್ರಿಲಿನ ಮೊದಲ ಶುಕ್ರವಾರ ನನಗೂ ಲಕ್ಷ್ಮೀಪತಿಗೂ ಎರಡೆರಡು ಸುತ್ತು, ಸುತ್ತಿಗೆ ಐದು ಗುಂಡು. ಗುರಿಯ ನಡುವಿಗೇ ಬೀಳಬೇಕೆಂದಿಲ್ಲ. ಐದು ತೂತುಗಳು ಎಷ್ಟು ಒತ್ತಾಗಿ ಕೂತಿವೆ ಎಂಬುದೇ ಲೆಕ್ಕ, ಇಬ್ಬರ ಒಳ್ಳೆಯ ಸುತ್ತನ್ನು ಮಾತ್ರ ಅಳೆಯುವುದು. ಕಾಡತೂಸು ತೆಗೆದುಕೊಡಲು ಪ್ರತಿಯೊಬ್ಬರಿಗೂ ಒಬ್ಬ ಸಹಾಯಕ. ಬೆಳಿಗ್ಗೆ ಕ್ಲಬ್ ಕೊಟ್ಟ ಡಬ್ಬಿಯೇ ಕೊನೆಯತನಕ, ಬದಲಿ ಕೇಳುವಂತಿಲ್ಲ.

ಜಿಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಆ ವಾರವೆಲ್ಲ ನನ್ನದೇ ಗೊಣಗಾಟ. ಈ ಊರಿನ ಬಿಸಿಲಿಗೆ ಕಾಡತೂಸು ಕಾದರೆ ಒಳಗಿನ ಮದ್ದು ಜೋರಾಗಿ ಉರಿಯುತ್ತದೆ, ಗುಂಡು ಮೇಲಕ್ಕೆ ಏರುತ್ತದೆ, ಡಬ್ಬಿ ಬಿಸಿಲಿಗೆ ಬಿದ್ದರೆ ನನ್ನ ಕತೆ ಮುಗಿಯಿತು ಎಂದೆಲ್ಲ ಒದರಿದೆ. ನನ್ನ ಗಂಡ ಲಾನ್ಸೆಲೊಟ್, ನನ್ನ ಬಾಯಲ್ಲಿ ಲಾನ್ಸಿ, ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಮನಾಮಾದ ಒಂದು ಹೋಟೆಲಿನಲ್ಲಿ ಕೋಲ್ಡ್ ಸ್ಟೋರ್ ನೋಡಿಕೊಳ್ಳುವವನು. ಮಾಂಸ, ಮೀನು, ಬೆಣ್ಣೆ, ಎಲ್ಲಕ್ಕೂ ಅವನಲ್ಲಿ ಒಂದೇ ಮದ್ದು, ಮಂಜುಗಡ್ಡೆ. ನಾನು ಶೂಟಿಂಗ್ ಬಿಡಬೇಕೆಂದು ಎರಡು ವರ್ಷದಿಂದ ಬೇಡುತ್ತಿದ್ದವನೂ ಅವನೇ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಭುಜ ನಿನ್ನದೇ ಎವ್ಲಿ. ಆದ್ರೆ ನೀನು ನರಳುದು ಕೇಳುದು ನಾನಲ್ವಾ?" ಎಂದ. ತಟ್ಟೆ ಎತ್ತಿಕೊಂಡು ಏಳುತ್ತಾ, "ಶುಕ್ರವಾರ ಸಹಾಯಕ್ಕೆ ನಾನೇ ಬರ್ತೇನೆ" ಎಂದ.

ನನಗೆ ಆಶ್ಚರ್ಯವಾಯಿತು. ರೇಂಜಿನ ಕಡೆಗೆ ಅವನು ಒಮ್ಮೆಯೂ ತಲೆ ಹಾಕಿದವನಲ್ಲ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ, ಮನೆಯಲ್ಲಿ ಮಾಂಸ ಇಲ್ಲ. ಹಾಗಾಗಿ ಲಾನ್ಸಿ ಬೆಳಗಾಗುವ ಮೊದಲೇ ಮಾರುಕಟ್ಟೆಗೆ ಹೋಗಿ ದೊಡ್ಡ ಅಂಜಲ್ ಮೀನೊಂದನ್ನು ಐಸ್ ಪೆಟ್ಟಿಗೆಗೆ ಹಾಕಿಸಿಕೊಂಡೇ ಬಂದಿದ್ದ. ರೇಂಜಿನಲ್ಲಿ ನನ್ನ ಕಾಡತೂಸಿನ ಡಬ್ಬಿಗೆ ಸಹಿ ಹಾಕಿ ಅವನೇ ಇಸಿದುಕೊಂಡ. ಮೊದಲು ಲಕ್ಷ್ಮೀಪತಿಯ ಸರದಿ. ಐದು ಸಲ ನೆಲ ನಡುಗಿತು. ದೂರದರ್ಶಕದಲ್ಲಿ ನೋಡಿದೆ, ಐದೂ ತೂತು ಒಂದು ಊಟದ ತಟ್ಟೆಯಡಿ ಮುಚ್ಚಿಹೋಗುವಂತಿದ್ದವು. ಚೆನ್ನಾಗಿ ಹೊಡೆದಿದ್ದರು.

ನಾನು ಕೈಗವಸು ಹಾಕಿ ಚಾಪೆಯ ಮೇಲೆ ಮಲಗಿದೆ. ಲಾನ್ಸಿ ಐದು ಕಾಡತೂಸುಗಳನ್ನು ಚಾಪೆಯ ಅಂಚಿನಲ್ಲಿ ಸಾಲಾಗಿ ಇಟ್ಟ. ಮೀನಿನ ವಾಸನೆ ಬಂತು, ಅವನದೇ ಎಂದುಕೊಂಡೆ. ಮೊದಲ ಗುಂಡು ಬಹಳ ಕೆಳಗೆ ಬಿತ್ತು. ಉಸಿರು ಹಿಡಿದೆ, ಬೆರಳು ಸರಿಯಾಗಿ ಒತ್ತಿದೆ, ಎರಡನೆಯದು ಸ್ವಲ್ಪ ಮೇಲೆ. ಮೂರನೆಯದು ಇನ್ನೂ ಮೇಲೆ. ಗಾಳಿ ಇರಲಿಲ್ಲ, ನನ್ನ ಕೈ ಅಲುಗಿರಲಿಲ್ಲ. ಆದರೂ ಐದು ತೂತುಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಏರಿ ಕೂತವು.

"ಹೇಳ್ಲಿಲ್ಲೇನ್ ಸಿಸ್ಟರ್?" ಎಂದರು ಲಕ್ಷ್ಮೀಪತಿ. ಅಣಕಿಸಲಿಲ್ಲ, ಮರುಕದಿಂದಲೇ ಕೇಳಿದರು, ಅದು ಇನ್ನೂ ಉರಿಯಿತು.

ಅವರ ಎರಡನೇ ಸುತ್ತು ನಡೆಯುವಾಗ ನೀರು ಕುಡಿಯಲೆಂದು ಕಾರಿನ ಹತ್ತಿರ ಹೋದೆ. ಐಸ್ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮೇಲೆಯೇ ಅಂಜಲಿನ ತಲೆ, ಅದರ ಪಕ್ಕದಲ್ಲಿ ಮಂಜುಗಡ್ಡೆಯ ನಡುವೆ ನನ್ನ ಉಳಿದ ಐದು ಕಾಡತೂಸು.

ಒಮ್ಮೆಲೇ ಎಲ್ಲ ಹೊಳೆಯಿತು. ತಣ್ಣಗಿನ ಮದ್ದು ನಿಧಾನ ಉರಿಯುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಚಾಪೆಯ ಮೇಲೆ ಬಿಸಿಲಿಗೆ ಇಟ್ಟ ಐದೂ ಒಂದರ ಹಿಂದೊಂದು ಕಾಯುತ್ತಾ ಹೋಗಿವೆ, ಗುಂಡು ಏರುತ್ತಾ ಹೋಗಿದೆ. ತಲೆಗೆ ರಕ್ತ ನುಗ್ಗಿತು. ಎರಡು ವರ್ಷ ಬಾಯಿಯಿಂದ ಬಿಡಿಸಲಾಗದ್ದನ್ನು ಇವನು ಮಂಜುಗಡ್ಡೆಯಿಂದ ಬಿಡಿಸುತ್ತಿದ್ದಾನೆ ಎಂದುಕೊಂಡೆ.

"ಲಾನ್ಸಿ! ನಾನು ಸೋಲ್ಲಿ ಅಂತಲೇ ಇಟ್ಟದ್ದಾ ಇದು?"

ಅವನು ಓಡಿ ಬಂದ. ಮುಖ ಬಿಳಿಚಿತ್ತು. "ಎಂತ ಹೇಳ್ತಿ ಮಾರಾಯ್ತಿ? ಬಿಸಿಗೆ ಹಾಳಾಗ್ತದೆ ಅಂತ ವಾರವಿಡೀ ಹೇಳಿದ್ದು ನೀನೇ ಅಲ್ವಾ? ಕಾರಿನೊಳಗೆ ಇಟ್ರೆ ಬೇಯ್ತಿತ್ತು. ನೀರು ತಾಗ್ಬಾರ್ದು ಅಂತ ಎಷ್ಟು ಜಾಗ್ರತೆ ಮಾಡಿದ್ದೇನೆ, ನೋಡು."

ನೋಡಿದೆ. ಒಂದೊಂದು ಕಾಡತೂಸನ್ನೂ ಬೇರೆ ಬೇರೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದ. ಹೋಟೆಲಿನಲ್ಲಿ ದುಬಾರಿ ಸಿಗಡಿಗೆ ಮಾತ್ರ ಅವನು ಇಷ್ಟು ಉಪಚಾರ ಮಾಡುವುದು. ತಟ್ಟೆಯಿಂದ ತಲೆ ಎತ್ತದೆ ಕೂತಿದ್ದವನು ನನ್ನ ಗೊಣಗಾಟದ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದ. ನನಗೆ ಅಳು ಬಂತು. ಅವನನ್ನು ಎರಡು ಬಾರಿಸಬೇಕು ಅಂತಲೂ ಅನಿಸಿತು.

"ಯಲ್ಲಾ, ಬೇಗ ಬನ್ನಿ ಸಿಸ್ಟರ್!" ಎಂದು ಖಾಲಿದ್ ಕೂಗಿದರು. ಲಕ್ಷ್ಮೀಪತಿಯ ಸುತ್ತು ಮುಗಿದಿತ್ತು.

ಕಾಡತೂಸು ಕಾಯುವವರೆಗೆ ಕಾಯಲು ಹೊತ್ತಿಲ್ಲ, ಬದಲಿ ಕೇಳುವ ಹಾಗಿಲ್ಲ. ಆದರೆ ಗುಂಡು ಎಲ್ಲಿ ಬೀಳುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಐದೂ ಒಂದೇ ಕಡೆ ಬಿದ್ದರೆ ಸಾಕು. ಐದೂ ಒಂದೇ ಹದದಲ್ಲಿ ಇರಬೇಕು, ಅಷ್ಟೇ. ಬಿಸಿ ಮಾಡಲಾಗದಿದ್ದರೆ ತಣ್ಣಗೇ ಇರಲಿ. ಸೋಲುವುದಾದರೆ ಗುಂಡು ಹೊಡೆದೇ ಸೋಲುತ್ತೇನೆ ಎಂದು ನಿರ್ಧರಿಸಿದೆ.

"ಪೆಟ್ಟಿಗೆ ಎತ್ತು. ಮೀನು ಸಮೇತ. ನಾನು ಕೈ ಚಾಚಿದಾಗ ಒಂದೇ ಒಂದು ತೆಗೀಬೇಕು, ಒಂದು ಚೂರು ಪಸೆ ಇರದ ಹಾಗೆ ಒರಸಿ ಕೊಡ್ಬೇಕು. ಮುಚ್ಚಳ ಕೂಡಲೇ ಹಾಕ್ಬೇಕು."

ಐಸ್ ಪೆಟ್ಟಿಗೆ ಚಾಪೆಯ ಪಕ್ಕಕ್ಕೆ ಬಂದು ಕೂತಿತು. "ಏನ್ ಸಿಸ್ಟರ್, ಇಲ್ಲೇ ಒಗ್ಗರಣಿ ಹಾಕ್ತೀರೇನು?" ಎಂದರು ಲಕ್ಷ್ಮೀಪತಿ. ಖಾಲಿದ್ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು, ಅಂಜಲ್ ಅವರನ್ನು ನೋಡಿತು. ಒಂದು ಕಾಡತೂಸನ್ನು ಬೆರಳಿನಿಂದ ಸವರಿ, ಒಣಗಿದೆ ಎಂದು ಖಚಿತಪಡಿಸಿಕೊಂಡು, ತಲೆಯಾಡಿಸಿದರು.

ಮೊದಲನೆಯದು ಕೆಳಗೆ ಬಿತ್ತು, ಬೀಳಬೇಕಾದಲ್ಲೇ. ಕೈ ಚಾಚಿದೆ, ಲಾನ್ಸಿ ಒರಸಿ ಕೊಟ್ಟ. ಎರಡನೆಯದು ಮೊದಲನೆಯದರ ಪಕ್ಕದಲ್ಲಿ. ಎದೆ ಹೊಡೆದುಕೊಳ್ಳತೊಡಗಿತು, ಅದು ಇಳಿಯುವವರೆಗೆ ಕಾದೆ. ಮೂರನೆಯದಕ್ಕೆ ಭುಜದ ಹಳೆಯ ಹೊಲಿಗೆಯಲ್ಲಿ ಬೆಂಕಿ ಹಾಯ್ದಂತಾಯಿತು, ಹಲ್ಲು ಕಚ್ಚಿದೆ. ಲಾನ್ಸಿ ನನ್ನ ಮುಖ ನೋಡಿದ. ಈಗ ಬಿಡು ಅನ್ನುತ್ತಾನೆ ಎಂದುಕೊಂಡೆ.

"ಇನ್ನು ಎರಡೇ, ಎವ್ಲಿ" ಎಂದ.

ಆ ಎರಡನ್ನೂ ಹೊಡೆದೆ.

ಖಾಲಿದ್ ಜೀಪಿನಲ್ಲಿ ಹೋಗಿ ಗುರಿಯ ಕಾಗದಗಳನ್ನು ತಂದು ಮೇಜಿನ ಮೇಲೆ ಹಾಸಿದರು. ಲಕ್ಷ್ಮೀಪತಿಯ ಎರಡನೇ ಸುತ್ತು ಮೊದಲನೆಯದಕ್ಕಿಂತ ಚದುರಿತ್ತು, ಒದೆತಕ್ಕೆ ಅವರ ಮೈ ಅಂಜಲು ಶುರುವಾಗಿತ್ತು. ಅವರ ಒಳ್ಳೆಯ ಸುತ್ತಿನ ಎರಡು ತುದಿಗೆ ಖಾಲಿದ್ ದಾರ ಹಿಡಿದು ಅಳೆದರು. ಅದೇ ದಾರವನ್ನು ನನ್ನ ಕಾಗದದ ಮೇಲೆ ಇಟ್ಟಾಗ ನಾಲ್ಕು ಬೆರಳಿನಷ್ಟು ದಾರ ಹೆಚ್ಚಾಗಿ ಉಳಿಯಿತು. ಅವರು ಇನ್ನೊಮ್ಮೆ ಅಳೆದರು.

"ತ್ರೀ ಹಂಡ್ರೆಡ್" ಎಂದರು. "ಖಲಾಸ್."

ಲಕ್ಷ್ಮೀಪತಿ ತಮ್ಮ ಭುಜ ತಿಕ್ಕುತ್ತಾ ಬಂದು ಕೈ ಕುಲುಕಿದರು. "ಖರೇ ಹೇಳ್ತೀನ್ರಿ, ನನ್ ಭುಜಾನೂ ನಿಮ್ ಕಡೀಗೇ ವೋಟ್ ಹಾಕೇತಿ."

ವಾಪಸು ಬರುವ ಮೊದಲು ಲಾನ್ಸಿ ಪೆಟ್ಟಿಗೆ ತೆರೆದು ಮೂಸಿದ. ಅಷ್ಟು ಸಲ ಮುಚ್ಚಳ ತೆರೆದು ಮಂಜುಗಡ್ಡೆ ನೀರಾಗಿತ್ತು. "ಸಾರಿಗೆ ಆಗ್ತದೆ. ಹುರಿಲಿಕ್ಕೆ ಆಗ್ಲಿಕ್ಕಿಲ್ಲ" ಎಂದು ತೀರ್ಪು ಕೊಟ್ಟ.

"ಮುಂದಿನ ವಾರ ಐಸ್ ಬೇಡ. ನೆರಳಲ್ಲಿ ಇಟ್ರೆ ಸಾಕು."

"ಮುಂದಿನ ವಾರವೂ ನಾನೇ ಬರ್ಬೇಕಾ?"

"ಮತ್ತೆ ಯಾರು ಬರುದು?"

ನಾನು ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ಅವನು ತಡೆದು, ಕಾಡತೂಸು ಒರಸಿದ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬೆಲ್ಟು ಒತ್ತದ ಹಾಗೆ ನನ್ನ ಬಲಭುಜದ ಮೇಲಿಟ್ಟ. ಅದು ಮೀನು ನಾರುತ್ತಿತ್ತು. ಜಿಂಜ್ ತಲುಪುವವರೆಗೂ ನಾನು ಅದನ್ನು ತೆಗೆಯಲಿಲ್ಲ.