ಬೆರಳು ಜಗ್ಗಬೇಡಿ, ಆಟ ಬಿಡಿಸಬೇಡಿ

ಕಾರಟಗಿಯ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಯಾರ ಕೈಕಾಲು ಬಾತರೂ ವೈದ್ಯರಿಗೇನೂ ಕೊರತೆಯಿಲ್ಲ. ಒಬ್ಬರು ಸುಣ್ಣ ಬೆಲ್ಲ ಹಚ್ಚು ಎನ್ನುತ್ತಾರೆ, ಇನ್ನೊಬ್ಬರು ಬಿಸಿ ಎಣ್ಣೆ ಹಾಕಿ ತಿಕ್ಕು ಎನ್ನುತ್ತಾರೆ. ಹಿಡಿದು ಜಗ್ಗಿದರೆ ಸರಿಹೋಗುತ್ತದೆ ಎನ್ನುವವರಂತೂ ಮನೆಗೊಬ್ಬರಿದ್ದಾರೆ. ಆಸ್ಪತ್ರೆಯ ಹೆಸರು ಎತ್ತುವವರು ಮಾತ್ರ ಕಡಿಮೆ. ಅಂಥ ಓಣಿಗೆ ಒಂದು ಸಂಜೆ ಒಂಬತ್ತನೇ ತರಗತಿಯ ಗುಲ್ಶನ ಬಲಗೈಯ ನಡುಬೆರಳನ್ನು ಬದನೆಕಾಯಿಯಷ್ಟು ಬಾತಿಸಿಕೊಂಡು ಬಂದಳು. ಶಾಲೆಯಲ್ಲಿ ವಾಲಿಬಾಲ್ ಆಡುವಾಗ ಚೆಂಡು ಬಡಿಯಿತು ಎಂದಳು.

ಅವಳ ತಾಯಿ ಜೈನಾಬೀ ಮನೆಯಲ್ಲೇ ರವಿಕೆ ಹೊಲಿಯುವವಳು. ನಾಟಿಯ ಹಂಗಾಮಿನಲ್ಲಿ ಓಣಿಯ ಹೆಂಗಸರ ಜೊತೆ ಗದ್ದೆಗೂ ಹೋಗುತ್ತಾಳೆ. ತಂದೆ ಮಕ್ಬುಲಸಾಬ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿ. ಜೈನಾಬೀಗೆ ಮೊದಲಿನಿಂದಲೂ ಆ ಆಟ ಕಂಡರೆ ಆಗದು. ಬೆಳೆದ ಹುಡುಗಿ ನಾಲ್ಕು ಜನರ ಮುಂದೆ ಜಿಗಿಯುವುದು ಒಂದು ಚಿಂತೆ, ಚೆಂಡು ಕಲ್ಲಿನಂತೆ ಗಟ್ಟಿ ಇರುವುದು ಇನ್ನೊಂದು. ಮಗಳು ಗುಂಡಿಯ ಕಾಜಾ ಹೊಲಿದರೆ ಗಿರಾಕಿಗಳೇ ಹೊಗಳುತ್ತಾರೆ. ಅಂಥ ಬೆರಳು ಹೀಗಾಯಿತಲ್ಲ ಎಂದು ಅವಳು ಮರುಗಿದಳು. ಇವತ್ತಿಗೆ ಆಟ ಮುಗಿಯಿತು, ಇನ್ನು ಶಾಲೆ ಬಿಟ್ಟರೆ ನೇರ ಮನೆ ಎಂದು ಹೇಳಿಬಿಟ್ಟಳು. ಗುಲ್ಶನ ಬೆರಳಿನ ನೋವಿಗಿಂತ ಆ ಮಾತಿಗೇ ಹೆಚ್ಚು ಅತ್ತಳು.

ಅಳದೆ ಏನು ಮಾಡಿಯಾಳು? ವಾಲಿಬಾಲ್ ಒಂದು ಕಡೆಗೆ ಆರು ಜನ ಆಡುವ ಆಟ. ಇಡೀ ಶಾಲೆಯಲ್ಲಿ ಆಡಲು ಬಂದ ಹುಡುಗಿಯರೇ ಆರು ಮಂದಿ. ಮುಂದಿನ ತಿಂಗಳು ಕನಕಗಿರಿಯಲ್ಲಿ ಪಂದ್ಯವಿತ್ತು. ಗುಲ್ಶನ ಬಿಟ್ಟರೆ ಉಳಿದ ಐವರೂ ಮನೆಯಲ್ಲೇ ಕೂರಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಮುದಕಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಳು. ಮುದಕಮ್ಮ ಎಂದರೆ ನಾಟಿ ಗುಂಪಿನ ಮುಖ್ಯಸ್ಥೆ, ಓಣಿಯ ಉಳುಕುಗಳಿಗೆಲ್ಲ ಅವಳೇ ದಿಕ್ಕು. ಒಳ್ಳೆಯ ಜೀವ. ಆದರೆ ಕೈಗೆ ಸಿಕ್ಕಿದ್ದನ್ನು ಜಗ್ಗದೆ ಬಿಡುವವಳಲ್ಲ.

"ಜಗ್ಗಿದ್ರ ಲಟಕ್ ಅಂತೈತಿ, ಕೂಡತೈತಿ. ಹುಡುಗೀನ ಗಟ್ಟಿ ಹಿಡಕೊ ಜೈನಾಬೀ," ಎಂದಳು.

ಜೈನಾಬೀ ಮಗಳ ಭುಜ ಹಿಡಿದೂ ಆಗಿತ್ತು. ಅದೇ ಹೊತ್ತಿಗೆ ಗುಲ್ಶನಳನ್ನು ನೋಡಲು ಶಾಲೆಯ ಆಟದ ಟೀಚರ್ ರೇಣುಕಾದೇವಿ ಬಾಗಿಲಿಗೆ ಬಂದರು. ಸ್ವಲ್ಪ ತಡವಾಗಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತು.

"ಆಯಿ, ನಿಮ್ಮ ಕೈಗುಣ ಛಲೋ ಐತ್ರಿ. ಆದ್ರ ಒಳಗ ಎಲುಬು ಮುರದೈತೋ, ಬರೇ ಉಳುಕೋ, ಹೊರಗಿಂದ ನಿಮಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ," ಎಂದರು ರೇಣುಕಾದೇವಿ. "ಮುರದಿದ್ದನ್ನ ಜಗ್ಗಿದ್ರ ಬೆರಳು ಡೊಂಕ ಉಳೀತೈತ್ರಿ. ಜಗ್ಗೂದೂ ಬ್ಯಾಡ, ತಿಕ್ಕೂದೂ ಬ್ಯಾಡ."

ಮುದಕಮ್ಮ ಮುಖ ಸಿಂಡರಿಸಿದಳು. ಆದರೂ ಬಟ್ಟಲು ಕೆಳಗಿಟ್ಟಳು.

ರೇಣುಕಾದೇವಿ ಮೊದಲು ಸಾಬೂನು ಹಚ್ಚಿ ಗುಲ್ಶನಳ ಬೆರಳಿನ ಉಂಗುರವನ್ನು ಮೆಲ್ಲಗೆ ಕಳಚಿದರು. ಬಾವು ಏರಿದರೆ ಉಂಗುರ ಒಳಗೇ ಸಿಕ್ಕಿಹಾಕಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಮೂಲೆಯ ಸೋಡಾ ಅಂಗಡಿಯಿಂದ ಐಸ್ ತರಿಸಿ, ಬರಿಯ ಐಸ್ ಚರ್ಮಕ್ಕೆ ತಾಗದಂತೆ ಬಟ್ಟೆಯಲ್ಲಿ ಸುತ್ತಿ, ಸ್ವಲ್ಪ ಹೊತ್ತು ಇಟ್ಟರು. ಬಾತ ಬೆರಳಿಗೆ ಪಕ್ಕದ ಬೆರಳನ್ನೇ ಆಸರೆ ಮಾಡಿ, ನಡುವೆ ಹತ್ತಿ ಇಟ್ಟು, ಬಿಗಿಯಾಗದಂತೆ ಬಟ್ಟೆಪಟ್ಟಿ ಕಟ್ಟಿದರು. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಲು ಹೇಳಿದರು. ಆಮೇಲೆ ಆಸ್ಪತ್ರೆಗೆ ಹೋಗಿ ಎಕ್ಸರೇ ತೆಗೆಸಲೇಬೇಕು ಎಂದರು.

ಮರುದಿನ ಮಕ್ಬುಲಸಾಬ ಕೆಲಸಕ್ಕೆ ರಜೆ ಹಾಕಿದ. ಮೂವರೂ ಬಸ್ಸು ಹಿಡಿದು ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಹೋದರು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಎಲುಬು ಮುರಿದಿಲ್ಲ, ಕೀಲಿಗೆ ಪೆಟ್ಟಾಗಿದೆ ಅಷ್ಟೆ, ಎರಡು ವಾರ ವಿಶ್ರಾಂತಿ ಕೊಟ್ಟು ಆಮೇಲೆ ತೋರಿಸಿ ಎಂದರು. ಜಗ್ಗದೆ ತಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಜೈನಾಬೀಗೆ ಹೋದ ಜೀವ ಬಂದಂತಾಯಿತು. ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಸಮಾಧಾನವಾಗುವಷ್ಟು ಅತ್ತಳು. ಮಕ್ಬುಲಸಾಬ ಚಹಾ ತಂದುಕೊಟ್ಟ.

ಬೆರಳಿನ ಭಯ ಹೋಯಿತು, ಚೆಂಡಿನ ಮೇಲಿನ ಸಿಟ್ಟು ಹೋಗಲಿಲ್ಲ. ಈ ಸಲ ದೇವರು ಕಾಪಾಡಿದ, ಪ್ರತಿ ಸಲ ಕಾಪಾಡುತ್ತಾನೆಯೇ ಎಂಬುದು ಜೈನಾಬೀಯ ವಾದ. ರೇಣುಕಾದೇವಿ ವಾದಕ್ಕೆ ವಾದ ಹೂಡಲಿಲ್ಲ. ಬಿಡಿಸುವುದಾದರೆ ಬಿಡಿಸಿರಿ, ಅದಕ್ಕೂ ಮೊದಲು ಒಂದು ಸಂಜೆ ಮೈದಾನಕ್ಕೆ ಬಂದು ಕಣ್ಣಾರೆ ನೋಡಿರಿ ಎಂದರು. ಜೈನಾಬೀ ಒಬ್ಬಳೇ ಹೋಗಲು ಸಂಕೋಚಪಟ್ಟು ಮುದಕಮ್ಮನನ್ನೂ ಎಳೆದುಕೊಂಡು ಹೋದಳು.

ಮೈದಾನದಲ್ಲಿ ರೇಣುಕಾದೇವಿ ಮೊದಲು ಗುಲ್ಶನಳನ್ನು ಕರೆದರು. ಆವತ್ತು ಚೆಂಡಿಗೆ ಕೈ ಹೇಗೆ ಒಡ್ಡಿದ್ದೆ, ಚೆಂಡಿಲ್ಲದೆ ತೋರಿಸು ಎಂದರು. ಗುಲ್ಶನ ಎರಡೂ ಕೈ ಮುಂದೆ ಚಾಚಿ, ಪಟ್ಟಿ ಕಟ್ಟಿದ ಬೆರಳುಗಳನ್ನು ಬಿಟ್ಟು ಉಳಿದವನ್ನು ಸೆಟೆಸಿ ಅಗಲಿಸಿ ನಿಂತಳು. ಹೀಗೆ ಹಿಡಿಯಲು ಯಾರು ಕಲಿಸಿದರು ಎಂದು ಕೇಳಿದಾಗ ಹುಡುಗಿ ಕಳ್ಳಗಣ್ಣಿನಿಂದ ತಾಯಿಯ ಕಡೆ ನೋಡಿದಳು. ಬಾಯಿ ಬಿಟ್ಟವಳು ಮುದಕಮ್ಮ.

"ಅಯ್ಯ, ಇದು ಸಸಿ ಕಟ್ಟು ಹಿಡಿಯೋ ಕೈ. ನನ್ನ ಗುಂಪಿನಾಗ ಜೈನಾಬೀ ಹಿಂಗ ಹಿಡೀತಾಳ."

ನಮ್ಮ ಗದ್ದೆಗಳಲ್ಲಿ ನಾಟಿ ನಡೆಯುವಾಗ ಬದುವಿನ ಮೇಲಿರುವವರು ಭತ್ತದ ಸಸಿಯ ಕಟ್ಟುಗಳನ್ನು ಕೆಸರಿನಲ್ಲಿ ನಿಂತವರತ್ತ ಎಸೆಯುತ್ತಾರೆ. ಅದನ್ನು ಮುಂದೆ ಬಾಗಿ, ಬೆರಳು ಅಗಲಿಸಿ, ಗಾಳಿಯಲ್ಲೇ ಹಿಡಿಯುವುದರಲ್ಲಿ ಜೈನಾಬೀಯದು ಎತ್ತಿದ ಕೈ. ಚೆಂಡು ಕೈತಪ್ಪುತ್ತಿದೆ ಎಂದು ಮಗಳು ಹೇಳಿದಾಗ ತಾಯಿ ಅದನ್ನೇ ಕಲಿಸಿದ್ದಳು. ಸಸಿಯ ಕಟ್ಟು ಮೆತ್ತಗಿರುತ್ತದೆ, ಬೆರಳ ಸಂದಿಯಲ್ಲಿ ಕೂರುತ್ತದೆ. ವೇಗವಾಗಿ ಬರುವ ಚೆಂಡು ಸೆಟೆದ ಬೆರಳ ತುದಿಗೆ ನೇರ ಬಡಿದರೆ ಕೀಲು ಏನಾಗಬೇಕು?

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ. ಪಾಪ, ಚೆಂಡಿಗೆ ಎಷ್ಟು ಬೈದಿಯವಾ," ಎಂದು ಮುದಕಮ್ಮ ನಕ್ಕಳು.

ಜೈನಾಬೀ ನಗಲಿಲ್ಲ. ಅವಳ ಮುಖ ಸಣ್ಣದಾಯಿತು. "ಅಂದ್ರ ನನ್ನ ಮಗಳ ಬೆರಳು ಬಾತಿದ್ದಕ್ಕ ನಾನ ಕಾರಣ ಏನ್ರಿ ಟೀಚರ್?"

"ಹಂಗ್ಯಾಕ ಅಂತೀರಿ ಅಕ್ಕಾರ. ಸಸಿಗೆ ಆ ಕೈ ಸರಿ ಐತ್ರಿ. ಚೆಂಡಿಗೆ ಬ್ಯಾರೆ ಕೈ ಬೇಕು, ಅಷ್ಟ. ಅದನ್ನ ಮೊದಲ ದಿನಾನ ನೋಡಿ ತಿದ್ದೂದು ನನ್ನ ಕೆಲಸ ಇತ್ತು, ನಾನೂ ನೋಡಲಿಲ್ಲ," ಎಂದರು ರೇಣುಕಾದೇವಿ.

ಆಮೇಲೆ ಆ 'ಬ್ಯಾರೆ ಕೈ' ಯಾವುದು ಎಂದು ತೋರಿಸಿದರು. ಎದೆಗಿಂತ ಕೆಳಗೆ ಬರುವ ಚೆಂಡಿಗೆ ಬೆರಳು ಕೊಡುವಂತೆಯೇ ಇಲ್ಲ. ಒಂದು ಅಂಗೈ ಮೇಲೆ ಇನ್ನೊಂದನ್ನು ಇಟ್ಟು, ಎರಡೂ ಹೆಬ್ಬೆರಳು ಜೋಡಿಸಿ ನೆಲದತ್ತ ಇಳಿಸಬೇಕು. ಮೊಣಕೈ ನೇರ, ಮೊಣಕಾಲು ಬಾಗಿರಬೇಕು. ಆಗ ಮಣಿಕಟ್ಟಿನಿಂದ ಮೇಲಿನ ಭಾಗ ಹಲಗೆಯಂತೆ ಸಪಾಟಾಗುತ್ತದೆ. ಚೆಂಡು ಬೀಳಬೇಕಾದದ್ದು ಅಲ್ಲಿ. ಕೈ ಬೀಸುವ ಅಗತ್ಯವಿಲ್ಲ, ಮೊಣಕಾಲಿನಿಂದ ಎದ್ದರೆ ಚೆಂಡು ತಾನೇ ಮೇಲೇಳುತ್ತದೆ. ಇದಕ್ಕೆ ಪಾಸ್ ಎನ್ನುತ್ತಾರೆ. ಈ ಆಟ ಕಲಿಯುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ.

ಹಾಗಾದರೆ ಬೆರಳಿಗೆ ಕೆಲಸವೇ ಇಲ್ಲವೇ ಎಂದು ಮುದಕಮ್ಮ ಕೇಳಿದಳು. ಇದೆ. ಚೆಂಡು ತಲೆಯ ಮೇಲೆ ಬಂದಾಗ ಎರಡೂ ಕೈಯನ್ನು ಹಣೆಯ ಮುಂದೆ ಮೇಲಕ್ಕೆ ತಂದು, ಬೆರಳುಗಳನ್ನು ಬಟ್ಟಲಿನಂತೆ ಬಾಗಿಸಿ, ಮೆಲ್ಲಗೆ ಮೇಲಕ್ಕೆ ತಳ್ಳಬೇಕು. ಹಿಡಿದು ನಿಲ್ಲಿಸಿದರೆ ತಪ್ಪು. ಇದು ಲಿಫ್ಟ್. ಲಿಫ್ಟ್ ಆದ ಚೆಂಡನ್ನು ಇನ್ನೊಬ್ಬಳು ಜಿಗಿದು ನೆಟ್ಟಿನ ಆಚೆ ನೆಲಕ್ಕೆ ಹೊಡೆದರೆ ಅದು ಸ್ಮ್ಯಾಷ್. ಎದುರಿನವರು ಹೊಡೆಯುವಾಗ ನೆಟ್ಟಿನ ಬಳಿ ಜಿಗಿದು ಕೈ ಅಡ್ಡ ಹಿಡಿದರೆ ಅದು ಬ್ಲಾಕ್. ಚೆಂಡು ನಮ್ಮ ಕಡೆಗೆ ಬಂದರೆ ಹೆಚ್ಚೆಂದರೆ ಮೂರು ಸಲ ಮುಟ್ಟಿ ಆಚೆ ಕಳಿಸಬೇಕು, ಒಬ್ಬಳೇ ಒಂದರ ಹಿಂದೆ ಒಂದು ಎರಡು ಸಲ ಮುಟ್ಟುವಂತಿಲ್ಲ. ಬ್ಲಾಕ್ ಮಾಡುವಾಗ ತಾಗಿದ್ದು ಮಾತ್ರ ಲೆಕ್ಕಕ್ಕಿಲ್ಲ.

"ಅಂದ್ರ ಒಬ್ಬಾಕಿನ ಮೆರಿಯಂಗಿಲ್ಲ. ಇದು ಛಲೋ ಐತಿ," ಎಂದಳು ಮುದಕಮ್ಮ. ಗುಂಪು ನಡೆಸುವವಳಿಗೆ ಆ ನಿಯಮ ಭಾಳ ಹಿಡಿಸಿತು.

ಆಟ ಶುರುವಾಗುವುದು ಸರ್ವಿಸ್‌ನಿಂದ. ಹಿಂದಿನ ಗೆರೆಯ ಆಚೆ ನಿಂತು, ಎಡಗೈಯಲ್ಲಿ ಚೆಂಡು ಹಿಡಿದು ಸ್ವಲ್ಪ ಮೇಲೆ ಬಿಟ್ಟು, ಬಲಗೈಯನ್ನು ಕೆಳಗಿನಿಂದ ಬೀಸಿ ಅಂಗೈಯ ಬುಡದಿಂದ ಹೊಡೆಯಬೇಕು. ರೇಣುಕಾದೇವಿ ಚೆಂಡನ್ನು ಜೈನಾಬೀಯ ಕೈಗೇ ಕೊಟ್ಟರು. ಬೇಡ ಬೇಡ ಎನ್ನುತ್ತಲೇ ಸೆರಗು ಸಿಕ್ಕಿಸಿ ಹೊಡೆದಳು. ಚೆಂಡು ನೆಟ್ಟಿಗೆ ಬಡಿದು ಬಿತ್ತು, ಹುಡುಗಿಯರು ನಗು ತಡೆದುಕೊಂಡರು. ಮತ್ತೊಮ್ಮೆ ಹೊಡೆದಳು. ಈ ಸಲ ಚೆಂಡು ನೆಟ್ಟು ದಾಟಿ ಗೆರೆಯ ಒಳಗೆ ಬಿತ್ತು. ಜೈನಾಬೀ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಏನೂ ಆಗಿರಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕುಳಿತಿದ್ದ ಭಾರ ಆಗ ಇಳಿಯಿತು. ಚೆಂಡು ಮಗಳ ವೈರಿಯಲ್ಲ, ಕೈ ಇಡುವ ರೀತಿ ತಪ್ಪಿತ್ತು, ಅದನ್ನು ಕಲಿಯಬಹುದು.

ಬೆರಳು ಪೂರ್ತಿ ವಾಸಿಯಾಗಿ ಡಾಕ್ಟರು ಒಪ್ಪಿದ ಮೇಲೆಯೇ ಗುಲ್ಶನ ಚೆಂಡು ಮುಟ್ಟಿದಳು. ಉಂಗುರ, ಬಳೆ ತೆಗೆದಿಟ್ಟು, ಮೊದಲು ಓಡಿ ಕೈಕಾಲು ಬೆರಳು ಸಡಿಲಮಾಡಿಕೊಂಡು ಆಮೇಲೆ ಆಟ. ಸಂಜೆ ಅಂಗಳದಲ್ಲಿ ಮಕ್ಬುಲಸಾಬ ಮೆಲ್ಲಗೆ ಚೆಂಡು ಎಸೆದುಕೊಟ್ಟರೆ ಅವಳು ಪಾಸ್ ಮಾಡುವಳು. ಬೆರಳು ಮುಂದೆ ಬಂದರೆ ಹೊಲಿಗೆ ಮಿಷಿನ್ನಿನ ಹಿಂದಿನಿಂದ ಜೈನಾಬೀ ಗದರುವಳು. ಗುಲ್ಶನಳಿಗೆ ಒಬ್ಬರು ಟೀಚರ್ ಸಾಲದು ಎಂಬಂತೆ ಇನ್ನೊಬ್ಬಳು ಹುಟ್ಟಿಕೊಂಡಳು.

ಕನಕಗಿರಿಯ ಪಂದ್ಯಕ್ಕೆ ಜೈನಾಬೀಯೂ ಹೋದಳು. ಎದುರಿನ ತಂಡದಲ್ಲಿ ಎತ್ತರದ ಹುಡುಗಿಯೊಬ್ಬಳು ಜಿಗಿದು ಹೊಡೆದ ಚೆಂಡು ನೇರ ಗುಲ್ಶನಳ ಕಡೆಗೇ ಬಂತು. ಜೈನಾಬೀ ಕಣ್ಣು ಮುಚ್ಚಿಕೊಂಡಳು. ದಪ್ ಎಂದು ಸದ್ದಾಯಿತು. ಅಳು ಕೇಳಲಿಲ್ಲ. ಕಣ್ಣು ಬಿಟ್ಟರೆ ಚೆಂಡು ಮೇಲಿತ್ತು, ಮಗಳು ಮೊಣಕಾಲು ಬಾಗಿಸಿ ಜೋಡಿಸಿದ ಕೈಯಲ್ಲೇ ನಿಂತು ಅದನ್ನು ನೋಡುತ್ತಿದ್ದಳು. ಗೆಳತಿ ಲಿಫ್ಟ್ ಮಾಡಿದಳು, ಇನ್ನೊಬ್ಬಳು ಹೊಡೆದಳು, ಪಾಯಿಂಟ್ ಬಂತು. ಆವತ್ತು ಅವರು ಒಂದು ಪಂದ್ಯ ಗೆದ್ದು ಇನ್ನೊಂದು ಸೋತರು. ಬಸ್ಸಿನಲ್ಲಿ ಜೈನಾಬೀ ಮಗಳ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದಳು.

"ಮುಂದಿನ ಪಂದ್ಯ ಎಲ್ಲೈತಿ?" ಎಂದು ಕೇಳಿದಳು.

"ಕೊಪ್ಪಳದಾಗ ಐತಿ ಅಮ್ಮೀ."

"ಹಂಗಾರ ಗಿರಾಕಿಗಳಿಗೆ ಮೊದಲ ಹೇಳಿ ಇಡ್ತೀನಿ. ನಾನೂ ಬರ್ತೀನಿ."

ತಾಯಂದಿರೇ, ತಂದೆಯರೇ, ಪೆಟ್ಟು ಬಿದ್ದಿತೆಂದು ಮಕ್ಕಳ ಆಟ ಬಿಡಿಸಬೇಡಿ, ಸರಿಯಾಗಿ ಆಡುವುದನ್ನು ಕಲಿಸಿ. ಬೆರಳು ಬಾತರೆ ಜಗ್ಗಬೇಡಿ, ತಿಕ್ಕಬೇಡಿ. ಉಂಗುರ ತೆಗೆಯಿರಿ, ತಂಪು ಇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ವಾಲಿಬಾಲ್‌ಗೆ ದೊಡ್ಡ ಖರ್ಚಿಲ್ಲ, ಒಂದು ಚೆಂಡು, ಒಂದು ನೆಟ್ಟು, ಸಪಾಟಾದ ಜಾಗ ಸಾಕು. ಆದರೆ ಆರು ಜನ ಬೇಕು. ನಿಮ್ಮ ಊರಿನ ಶಾಲೆಯ ಮೈದಾನದಲ್ಲೂ ಐದು ಹುಡುಗಿಯರು ಆರನೆಯವಳ ದಾರಿ ಕಾಯುತ್ತಿರಬಹುದು. ಅವಳು ನಿಮ್ಮ ಮನೆಯಲ್ಲಿದ್ದರೆ, ಇವತ್ತು ಸಂಜೆಯೇ ಕಳಿಸಿಕೊಡಿ.